ಗೈಡು, ಕೋ-ಗೈಡು ಮತ್ತು ನಮ್ಮ ಕಡೆ ಕೆರೆಗಳು

ಪಿಎಚ್‌ಡಿಗೆ ನಂಗೆ ಇಬ್ಬರು ಗೈಡ್ ಅಂದ್ರೆ ಸಾಕು, ದಾವಣಗೆರೆಲಿ ನನ್ ಜೊತೆ ಎಂಎ ಓದಿದವರೆಲ್ಲ ಅಯ್ಯೋ ಪಾಪ ಅಂತಾರೆ, ಒಬ್ಬರ ಹತ್ರ ಸೈನ್ ಹಾಕಿಸ್ಕೊಳ್ಳೋದೇ ಸಾಕುಬೇಕಾಗುತ್ತೆ ನೀನು ಇಬ್ಬರ ಬಾಗ್ಲು ಕಾಯ್ತೀಯಲ್ಲೇ ಅಂತ. ಈಗ ಹೊಸದಾಗಿ ರಿಜಿಸ್ಟರ್ ಆಗ್ತಿರೋ ಜೂನಿಯರ್‌ಗಳೂ ಫೋನ್ ಮಾಡಿ ಕೋ-ಗೈಡ್ ತಗೊಳ್ಳೋದಾ ಬೇಡ್ವಾ ಅಕ್ಕ ಅಂತ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ. ವಿಷಯಕ್ಕೆ ಬೇಕು ಅನ್ಸಿದ್ರೆ ಧೈರ್ಯವಾಗಿ ತಗೊಳ್ಳಿ. ಆದ್ರೆ ಯಾವ ಚಾಪ್ಟರ್‌ಗೆ ಯಾರ ಮಾತು ಕೊನೇದು ಅನ್ನೋದನ್ನ ಸಿನಾಪ್ಸಿಸ್ (ಥೀಸಿಸ್‌ನ ಸಾರಾಂಶ) ಕೊಡೋಕೆ ಮುಂಚೆನೇ ಇಬ್ಬರನ್ನೂ ಒಂದು ಕಡೆ ಕೂರಿಸಿ ತೀರ್ಮಾನ ಮಾಡಿಸ್ಕೊಳ್ಳಿ.

ನನ್ನ ವಿಷಯ ಈ ಭಾಗದ ಹಳೇ ಕೆರೆಗಳು. ಗೈಡ್ ಮೇಡಂ ಹಿಸ್ಟರಿಯವರು, ಕೋ-ಗೈಡ್ ಸರ್ ಜಿಯಾಲಜಿ. ಮೇಡಂ ಇಲ್ದಿದ್ರೆ ನಂಗೆ ಎಲ್ಲಿ ಹುಡುಕಬೇಕು ಅನ್ನೋದೇ ಗೊತ್ತಾಗ್ತಿರ್ಲಿಲ್ಲ, ಯಾಕಂದ್ರೆ ದಾವಣಗೆರೆ ಬೇರೆ ಜಿಲ್ಲೆ ಆಗಿದ್ದೇ 1997ರಲ್ಲಿ, ಹಂಗಾಗಿ ಜಗಳೂರು ಹರಿಹರದ ಶಾಸನ ಬೇಕಂದ್ರೆ ಶಾಸನಗಳನ್ನ ಹಳೇ ಜಿಲ್ಲೆವಾರು ಅಚ್ಚು ಹಾಕಿರೋ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಚಿತ್ರದುರ್ಗದ 11ನೇ ಸಂಪುಟ ತೆಗೀಬೇಕು, ಸೂಳೆಕೆರೆ ಇರೋ ಚನ್ನಗಿರಿ ತಾಲೂಕು ಶಿವಮೊಗ್ಗದಿಂದ ಬಂದಿದ್ದು ಅದಕ್ಕೆ 7ನೇ ಸಂಪುಟಕ್ಕೆ ಹೋಗ್ಬೇಕು. ಆದ್ರೆ ಏರಿನ ಅಲ್ಲೇ ಯಾಕೆ ಹಾಕಿದ್ರು, ಹೂಳು ಎಲ್ಲಿಂದ ಬಂತು, ಇದೆಲ್ಲ ಶಾಸನದಲ್ಲಿ ಸಿಗಲ್ಲ. ಹಿರಿಯೂರಿನ ಮಾರಿಕಣಿವೆನೇ (ವಾಣಿವಿಲಾಸ ಸಾಗರ ಡ್ಯಾಮು) ತಗೊಳ್ಳಿ, 1933ರಲ್ಲಿ ಕೋಡಿ ಬಿದ್ದಿದ್ದು ಆಮೇಲೆ ಬಿದ್ದಿದ್ದು 2022ರಲ್ಲಿ. ನಡುವೆ 89 ವರ್ಷ ಯಾಕೆ ತುಂಬ್ಲಿಲ್ಲ ಅಂತ ಬರೀಬೇಕಂದ್ರೆ ಫೈಲು ಗೆಜೆಟಿಯರ್ ಸಾಲಲ್ಲ, ಮಳೆ ಲೆಕ್ಕ ಬೇಕು, ವೇದಾವತಿಗೆ ನೀರು ಬರೋ ಜಾಗದಲ್ಲಿ ಏನೇನು ಬದಲಾಯ್ತು ಅನ್ನೋದು ಬೇಕು.

ಯುಜಿಸಿನೂ ಇದಕ್ಕೆ ದಾರಿ ಬಿಟ್ಟಿದೆ. 2022ರ ರೆಗ್ಯುಲೇಷನ್ ಪ್ರಕಾರ ಇಂಥ ಎರಡು ಶಾಸ್ತ್ರ ಸೇರೋ ವಿಷಯಕ್ಕೆ ಬೇರೆ ಡಿಪಾರ್ಟ್‌ಮೆಂಟ್‌ನಿಂದ, ಬೇರೆ ಸಂಸ್ಥೆಯಿಂದ ಕೂಡ ಕೋ-ಸೂಪರ್‌ವೈಸರ್, ಅಂದ್ರೆ ಕೋ-ಗೈಡ್, ತಗೋಬಹುದು.

ಕಷ್ಟ ಆಗಿಲ್ವಾ ಅಂದ್ರೆ ಆಗಿದೆ. ಏರಿ ಬಗ್ಗೆ ಬರೆದ ಚಾಪ್ಟರ್‌ನಲ್ಲಿ "ಸುಮಾರು 12ನೇ ಶತಮಾನದಲ್ಲಿ ಏರಿಯನ್ನು ಎತ್ತರಿಸಿರಬಹುದು" ಅಂತ ಒಂದು ವಾಕ್ಯ ಇತ್ತು. ಮೇಡಂ ಕೆಂಪು ಪೆನ್ನಲ್ಲಿ "ಯಾವ ಶಾಸನ, ಎಷ್ಟನೇ ಸಾಲು?" ಅಂತ ಬರೆದ್ರು. ಅದೇ ವಾಕ್ಯದ ಕೆಳಗೆ ಸರ್ ಪೆನ್ಸಿಲ್‌ನಲ್ಲಿ "ಎಷ್ಟಿತ್ತು, ಎಷ್ಟಾಯ್ತು? ಅಳತೆ ತಗೊಂಡಿದೀಯಾ?" ಅಂತ. ಮೇಡಂಗೆ ಪ್ರತಿ ಪುಟದ ಕೆಳಗೆ ಅಡಿಟಿಪ್ಪಣಿ ಬೇಕು, ಸರ್‌ಗೆ ವಾಕ್ಯದ ಒಳಗೇ ಲೇಖಕರ ಹೆಸರು ಇಸವಿ ಬೇಕು. ಅವರು ಹಿಂಗಂದ್ರು ಅಂತ ಇವರಿಗೆ, ಇವರು ಹಂಗಂದ್ರು ಅಂತ ಅವರಿಗೆ ಹೇಳ್ತಾ ಓಡಾಡಿದ್ರಲ್ಲೇ ಒಂದಷ್ಟು ಕಾಲ ಹೋಯ್ತು, ದಾವಣಗೆರೆಯಿಂದ ದುರ್ಗಕ್ಕೆ ಬಸ್ಸು ಹತ್ತೋದು, ಬರೋದು, ಡ್ರಾಫ್ಟ್ ಮಾತ್ರ ಇದ್ದಲ್ಲೇ.

ಅದು ಬಗೆಹರಿದಿದ್ದು ಜಗಳೂರು ಕಡೆ ಒಂದು ಸಣ್ಣ ಕೆರೆ ಏರಿ ಮೇಲೆ. ಇಬ್ಬರನ್ನೂ ಒಟ್ಟಿಗೇ ಕರ್ಕೊಂಡು ಹೋಗಿದ್ದೆ. ತೂಬಿನ ಹತ್ರ ಸರ್ ಕಲ್ಲು ಮುಟ್ಟಿ ನೋಡಿ, "ಕೆಳಗಿನ ಸಾಲೆಲ್ಲ ಪಕ್ಕದ ಗುಡ್ಡದ್ದೇ ಕಣಮ್ಮ, ಮೇಲಿಂದು ಗ್ರಾನೈಟು, ಬೇರೆ ಕಡೆಯಿಂದ ತಂದಿದಾರೆ" ಅಂದ್ರು. ಮೇಡಂ ಆ ಮೇಲಿನ ಕಲ್ಲನ್ನ ಬಗ್ಗಿ ನೋಡ್ತಾ ಇದ್ದೋರು, "ಸರ್ ಇಲ್ನೋಡಿ, ಇದು ವೀರಗಲ್ಲಿನ ತುಂಡು, ತಲೆಕೆಳಗಾಗಿ ಕೂರ್ಸಿದಾರೆ" ಅಂದ್ರು. ಸುಣ್ಣದ ಗಾರೆ ಒರೆಸಿದ್ರೆ ಕುದುರೆ ಕಾಲು, ಪಕ್ಕದಲ್ಲಿ ಸವೆದ ಎರಡು ಸಾಲು ಅಕ್ಷರ. ಆ ವೀರಗಲ್ಲು ಮುರಿದ ಮೇಲೇ ತಾನೇ ಅದನ್ನ ತಂದು ಏರಿಗೆ ಇಟ್ಟಿರೋದು, ಅಂದ್ರೆ ಮೇಲಿನ ಕಟ್ಟಡ ಆ ಅಕ್ಷರದ ಕಾಲಕ್ಕಿಂತ ಈಚಿನದು. ಕಲ್ಲು ಬೇರೆ ಅಂತ ಸರ್ ಹೇಳದಿದ್ರೆ ಅಲ್ಲಿ ರಿಪೇರಿ ಆಗಿದೆ ಅಂತ ಗೊತ್ತಾಗ್ತಿರ್ಲಿಲ್ಲ, ಅಕ್ಷರ ಮೇಡಂ ಕಣ್ಣಿಗೆ ಬೀಳದಿದ್ರೆ ಯಾವ ಕಾಲದ್ದು ಅಂತ ಗೊತ್ತಾಗ್ತಿರ್ಲಿಲ್ಲ. ಅವತ್ತು ಏರಿ ಮೇಲೇ ಕೂತು ಇಬ್ಬರೂ ಚಾಪ್ಟರ್ ಹಂಚ್ಕೊಂಡ್ರು, ಕಾಲನಿರ್ಣಯ ಮೇಡಂದು, ಅಳತೆ ಮಣ್ಣು ನೀರು ಸರ್‌ದು, ಅಡಿಟಿಪ್ಪಣಿ ಇಡೀ ಥೀಸಿಸ್‌ಗೆ ಒಂದೇ ತರ ಅಂತ. ನಂಗೆ ಅವತ್ತು ಆದ ಖುಷಿ ಇಷ್ಟು ಅಷ್ಟು ಅಲ್ಲ.

ಎಲ್ಲರಿಗೂ ಹಿಂಗೇ ಆಗಲ್ಲ, ಅದೂ ಹೇಳ್ಬೇಕು. ನನ್ನ ಫ್ರೆಂಡ್ ಒಬ್ಬನ ಗೈಡ್ ರಿಟೈರ್ ಆದ್ರು. ರಿಟೈರ್ ಆದ ಮೇಲೂ 70 ವರ್ಷದ ತನಕ ಕೋ-ಸೂಪರ್‌ವೈಸರ್ ಆಗಿ ಮುಂದುವರೀಬಹುದು ಅಂತ ಅದೇ ರೆಗ್ಯುಲೇಷನ್ ಹೇಳುತ್ತೆ, ಅವರೂ ಮುಂದುವರಿದ್ರು. ಆದ್ರೆ ಹೊಸದಾಗಿ ಬಂದ ಗೈಡ್ ಅರ್ಧ ಬರೆದಾದ ಮೇಲೆ ಟೈಟಲ್ಲೇ ಬದಲಾಯಿಸು ಅಂದ್ರು, ಹಳಬರು ಒಂದಕ್ಷರ ಮುಟ್ಟಬೇಡ ಅಂದ್ರು, ಇಬ್ಬರೂ ಒಬ್ಬರಿಗೊಬ್ಬರು ಫೋನ್ ಮಾಡ್ಲಿಲ್ಲ. ಅವನು ಒದ್ದಾಡಿದ್ದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಇದು ಸ್ಕಾಲರ್ ತಪ್ಪಲ್ಲ, ದೊಡ್ಡವರು ಮಾಡ್ಬೇಕಾದ ಕೆಲಸ ಅದು, ಅವರು ಮಾಡ್ಲಿಲ್ಲ.

ನಿಮಗೆ ಹಂಗೇನಾದ್ರೂ ಆಗ್ತಿದ್ರೆ ಒಬ್ಬರೇ ನುಂಗ್ಕೊಂಡು ಕೂರಬೇಡಿ. ಪ್ರತಿ ಸೆಮಿಸ್ಟರ್ ರಿಸರ್ಚ್ ಅಡ್ವೈಸರಿ ಕಮಿಟಿ ಮುಂದೆ ಪ್ರೋಗ್ರೆಸ್ ಹೇಳೋಕೆ ಹೋಗ್ತೀರಲ್ಲ, ಅಲ್ಲಿ ಇಬ್ಬರೂ ಏನು ಹೇಳಿದ್ರು ಅಂತ ಮಿನಿಟ್ಸ್‌ನಲ್ಲಿ ಬರೆಸಿ. ಯಾರ ಜೊತೆ ಮಾತಾಡಿ ಬಂದ್ರೂ ಅವತ್ತೇ ರಾತ್ರಿ ನಾಲ್ಕು ಸಾಲು ಮೇಲ್ ಹಾಕಿ, ಇಬ್ಬರಿಗೂ ಒಟ್ಟಿಗೇ ಹೋಗ್ಲಿ. ಇನ್ನು ಯಾರದ್ದೋ ಮುಲಾಜಿಗೆ ಕೋ-ಗೈಡ್ ಹಾಕ್ಕೊಳ್ಳೋ ಹಂಗಿದ್ರೆ ಬೇಡ್ವೇ ಬೇಡ, ಒಬ್ಬರೇ ಸಾಕು.