ಕೊಳೆ ಔಷಧಿ ಹೊಡೆದ ದಿನದ ಮಾಕ್ ಟೆಸ್ಟು

ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲ್ಸ, ಬೆಳೆಸಾಲದ ಕೌಂಟರು. ವಿನೋಬನಗರದ ರೂಮಿಗೆ ಬರೋ ಹೊತ್ತಿಗೆ ರಾತ್ರಿ ಎಂಟು ದಾಟಿರುತ್ತೆ, ಆಮೇಲೆ ಓದಿದ್ದು ತಲೆಗೆ ಹತ್ತಲ್ಲ, ಹಂಗಾಗಿ ಬೆಳಿಗ್ಗೆ ಐದರಿಂದ ಏಳರವರೆಗೆ ನನ್ನ ಕ್ಯಾಟ್ ಓದು, ಅದೇ ಎಂಬಿಎ ಸೇರೋಕೆ ಬರೆಯೋ ಪ್ರವೇಶ ಪರೀಕ್ಷೆ. ಎರಡು ಗಂಟೆಯ ಪೂರ್ತಿ ಮಾಕ್ (ಅಣಕು ಪರೀಕ್ಷೆ) ಬರೀಬೇಕಂದ್ರೆ ಭಾನುವಾರವೇ ಗತಿ.

ಆ ಭಾನುವಾರ ಊರಿಗೆ ಹೋಗ್ಲೇಬೇಕಿತ್ತು. ತೀರ್ಥಹಳ್ಳಿ ಕಡೆ ಪುನರ್ವಸು ಮಳೆ ಬಿಟ್ಟೂಬಿಡದೆ ಹೊಯ್ತಿತ್ತು, ಅಡಿಕೆ ತೋಟಕ್ಕೆ ಎರಡನೇ ಸಲ ಕೊಳೆರೋಗದ ಔಷಧಿ ಆಗ್ಬೇಕು, ಹೊಳವಾದ್ರೆ ಹೊಡೆಯೋರು ಬರ್ತಾರೆ ಅಂತ ಅಪ್ಪಯ್ಯ ಫೋನ್ ಮಾಡಿದ್ರು. ಏಳಕ್ಕೆಲ್ಲ ಡ್ರಮ್ಮಿನ ಹತ್ರ ನಿಂತಿದ್ವಿ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, ಬೇರೆಬೇರೆ ಕರಗಿಸಿ ಆಮೇಲೆ ಸೇರಿಸೋದು. ಅಪ್ಪಯ್ಯ ಚಾಕು ಅದ್ದಿ ಒಂದು ನಿಮಿಷ ಹಿಡಿದ್ರು, ಎತ್ತಿದಾಗ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿತ್ತು. "ಸುಣ್ಣ ಸಾಲ್ದು ಮಾರಾಯ" ಅಂತ ಇನ್ನಷ್ಟು ಸುಣ್ಣದ ನೀರು ಹುಯ್ದು ಮತ್ತೆ ಅದ್ದಿದ್ರು, ಈ ಸಲ ಅಲಗು ಹಂಗೇ ಹೊಳೀತಿತ್ತು. "ಇನ್ನು ನಾವು ನೋಡ್ಕೋತೀವಿ, ನೀನು ಪರೀಕ್ಷೆ ಬರಿ ಹೋಗು" ಅಂದ್ರು. ಆಳು ಸಿಗೋದೇ ಕಷ್ಟ ಅನ್ನೋ ಹೊತ್ತಲ್ಲಿ ಹಂಗಂದ್ರಲ್ಲ, ಗಂಟಲು ಕಟ್ಟಿದಂಗಾಯ್ತು.

ಇಂಗ್ಲಿಷ್ ಸೆಕ್ಷನ್ ಚೆನ್ನಾಗೇ ಹೋಯ್ತು. ಮುಂದಿನದು ಡಿಐಎಲ್ಆರ್, ಅಂದ್ರೆ ಅಂಕಿಅಂಶ ಮತ್ತೆ ತರ್ಕದ ಪ್ರಶ್ನೆಗಳು, ನನಗೆ ಕಷ್ಟದ್ದು ಅದೇ. ಕ್ಯಾಟಲ್ಲಿ ಸೆಕ್ಷನ್ನಿಗೆ 40 ನಿಮಿಷ, ಮುಗೀತಂದ್ರೆ ಹಿಂದಕ್ಕೆ ಹೋಗೋ ಹಂಗಿಲ್ಲ. ಇದ್ರಲ್ಲಿ ಒಂದೊಂದು ಒಗಟಿನ ಮೇಲೆ ಒಂದಿಷ್ಟು ಪ್ರಶ್ನೆ, ಅದೇ ಒಂದು ಸೆಟ್ಟು. ಕಣ್ಣಿಗೆ ಬಿದ್ದ ಮೊದಲ ಸೆಟ್ಟಿಗೇ ಕೈ ಹಾಕ್ದೆ, ಆರು ಜನ, ಮೂರು ಊರು, ಯಾರು ಯಾವ ದಿನ ಎಲ್ಲಿದ್ರು ಅನ್ನೋ ಥರದ್ದು. ಕಂಡೀಷನ್ನೆಲ್ಲ ಹಾಳೆ ಮೇಲೆ ಇಳಿಸ್ಕೊಂಡು ಟೇಬಲ್ ಹಾಕಿ 18 ನಿಮಿಷ ಆಗಿತ್ತು, ಕರೆಂಟ್ ಹೋಯ್ತು. ರಾತ್ರಿಯಿಡೀ ಕರೆಂಟಿಲ್ದೆ ಯುಪಿಎಸ್ಸೂ ಖಾಲಿ, ವೈಫೈ ಇಲ್ಲ, ಮೊಬೈಲ್ ನೆಟ್ವರ್ಕ್ ಬೇಕಂದ್ರೆ ಗುಡ್ಡ ಹತ್ಬೇಕು. ಮಾಕ್ ಅಲ್ಲಿಗೇ ಹೋಯ್ತು. ವಾರವಿಡೀ ಅದಕ್ಕೇ ಕಾದಿದ್ದೆ, ಅಳುನೇ ಬಂತು.

ಹಾಳೆ ಹಿಡ್ಕೊಂಡು ಬಚ್ಚಲೊಲೆ ಮುಂದೆ ಕೂತೆ, ಇದೊಂದಾದ್ರೂ ಮುಗಿಸೋಣ ಅಂತ. ಮುಗೀತು, ಎಲ್ಲಾ ಉತ್ತರ ಕೂತ್ವು, ಆದ್ರೆ ಗಡಿಯಾರ ನೋಡಿದ್ರೆ ಮತ್ತೆ 25 ನಿಮಿಷ. ಅಂದ್ರೆ ಕರೆಂಟ್ ಇದ್ದಿದ್ರೂ ಇಡೀ ಸೆಕ್ಷನ್ ಆ ಒಂದೇ ಸೆಟ್ಟು ತಿಂದು, ಇನ್ನೂ ಮುಗೀತಿರ್ಲಿಲ್ಲ! ನಂಗೆ ಬಿಡಿಸೋಕೆ ಬರಲ್ಲ ಅಂತ ತಿಂಗಳುಗಟ್ಟಲೆ ಕೊರಗಿದ್ದೆ, ಬರ್ತಿತ್ತು, ಯಾವುದನ್ನ ಬಿಡಬೇಕು ಅಂತ ನೋಡ್ತಿರ್ಲಿಲ್ಲ ಅಷ್ಟೆ. ಅಪ್ಪಯ್ಯ ಚಾಕು ಅದ್ದಿ ನೋಡ್ದೆ ತೋಟಕ್ಕೆ ಒಂದು ಕ್ಯಾನ್ ಕೂಡ ಕೊಟ್ಟಿರ್ಲಿಲ್ಲ, ನಾನು ಪೂರ್ತಿ ಓದ್ದೇನೇ ಸೆಟ್ಟಿಗೆ ಹಾರಿದ್ದೆ.

ಈಗ ಮೊದಲ ಐದು ನಿಮಿಷ ಪೆನ್ನೇ ಮುಟ್ಟಲ್ಲ, ಎಲ್ಲಾ ಸೆಟ್ ಓದಿ ಎರಡು ಆರಿಸ್ಕೋತೀನಿ, ಟೈಮ್ ಉಳಿದ್ರೆ ಮೂರನೇದು. ಪರೀಕ್ಷೆ ಸಾಮಾನ್ಯವಾಗಿ ನವೆಂಬರ್ ಕೊನೇ ಭಾನುವಾರ, ನಮ್ಮಲ್ಲಿ ಅಡಿಕೆ ಕೊಯ್ಲಿನ ಹೊತ್ತು. ಆವತ್ತು ಮಾತ್ರ ಕೊಯ್ಲು ಇಟ್ಕೋಬೇಡಿ ಅಂತ ಅಪ್ಪಯ್ಯಂಗೆ ಈಗ್ಲೇ ಹೇಳಿಟ್ಟಿದೀನಿ.