ಬಿಳಿ ಹೂವಿನ ಫೋಟೊ: ಎಸಳಿನ ಗೆರೆ ಉಳಿಸಿಕೊಳ್ಳುವ ಬಗೆ

ನಂದಿಬಟ್ಟಲಿನ ಒಂದು ಎಸಳನ್ನು ಹತ್ತಿರದಿಂದ ನೋಡಿ. ಕೂದಲೆಳೆಯಂಥ ನರಗಳು, ಅಂಚಿನ ಮಡಿಕೆ, ಬುಡದತ್ತ ಹೋದಂತೆ ಗಾಢವಾಗುವ ನೆರಳು, ಎಲ್ಲ ಕಾಣುತ್ತವೆ. ಫೋಟೊದಲ್ಲಿ ಮೊದಲು ಮಾಯವಾಗುವುದು ಇವೇ. ಇವು ಹೋದರೆ ಉಳಿಯುವುದು ಹೂವಿನಾಕಾರದ ಬಿಳಿ ಕಾಗದ ಮಾತ್ರ.

ಎದುರಿಗೆ ಏನೇ ಇರಲಿ, ಅದನ್ನು ನಡುಮಟ್ಟದ ಬೂದು ಬಣ್ಣಕ್ಕೆ ತರುವುದು ಬೆಳಕು ಅಳೆಯುವ ಕ್ಯಾಮೆರಾ ಮೀಟರಿನ ಮೂಲ ಲೆಕ್ಕ. ಫ್ರೇಮಿನ ತುಂಬ ಬಿಳಿ ಹೂವೇ ಇದ್ದರೆ ಅದು ಬೂದಿ ಬಳಿದಂತೆ ಬರುತ್ತದೆ. ಆಗ ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ ಮೀಟರಿನ ಲೆಕ್ಕವನ್ನು ಏರಿಳಿಸುವ ಸೆಟ್ಟಿಂಗ್, +1ರಿಂದ +1.7 ಸ್ಟಾಪಿನವರೆಗೆ ಬೇಕು; ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡು ಪಟ್ಟು, ಇಳಿಸಿದರೆ ಅರ್ಧ. ಅದೇ ಹೂವು ಕಡುಹಸಿರು ಎಲೆಗಳ ನಡುವೆ ಚಿಕ್ಕದಾಗಿ ಕೂತಿದ್ದರೆ ಲೆಕ್ಕ ತಿರುಗುಮುರುಗು. ಮೀಟರು ಎಲೆಗಳನ್ನು ಬೆಳಗಿಸಲು ಹೋಗಿ ಹೂವನ್ನು ಸುಡುತ್ತದೆ, −0.7ರಿಂದ −1.3ರವರೆಗೆ ಇಳಿಸಬೇಕಾಗುತ್ತದೆ. ‘ಬಿಳಿಗೆ ಯಾವಾಗಲೂ ಪ್ಲಸ್’ ಎಂದು ಬಾಯಿಪಾಠ ಮಾಡಿಕೊಂಡವರು ಎಡವುವುದು ಇಲ್ಲಿಯೇ.

ಹಿನ್ನೆಲೆ ಏನೇ ಇದ್ದರೂ ಕೈಕೊಡದ ದಾರಿಯೆಂದರೆ ಮ್ಯಾನ್ಯುಯಲ್ ಮೋಡ್ ಮತ್ತು ಫ್ರೇಮಿನ ಒಂದು ಚಿಕ್ಕ ವೃತ್ತವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್. ಸ್ಪಾಟ್ ವೃತ್ತದೊಳಗೆ ಎಸಳು ಬಿಟ್ಟು ಬೇರೇನೂ ಇರದಂತೆ ಹತ್ತಿರ ಹೋಗಿ, ಹೂವಿನ ಅತಿ ಬೆಳಕಿನ ಭಾಗವನ್ನು ಅಳೆಯಿರಿ. ಮೀಟರಿನ ಮುಳ್ಳು ಸೊನ್ನೆಗೆ ಬಂದಾಗ ಎಫ್/8, 1/500 ಸೆಕೆಂಡ್ ಇದೆ ಎನ್ನೋಣ. ಶಟರನ್ನು 1/160ಕ್ಕೆ ತಂದರೆ ಬೆಳಕು ಒಂದೂಮುಕ್ಕಾಲು ಸ್ಟಾಪಿಗಿಂತ ತುಸು ಕಡಿಮೆ ಪ್ರಮಾಣದಲ್ಲಿ ಹೆಚ್ಚುತ್ತದೆ. ಎಸಳು ಬಿಳಿಯಾಗಿಯೂ ಬರುತ್ತದೆ, ಗೆರೆಗಳೂ ಉಳಿಯುತ್ತವೆ.

ತೆಗೆದ ಮೇಲೆ ಕಪ್ಪಿನಿಂದ ಬಿಳಿಯವರೆಗೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ಹಿಸ್ಟೋಗ್ರಾಂ, ನೋಡಲೇಬೇಕು, ಅದೂ ಕೆಂಪು, ಹಸಿರು, ನೀಲಿ ಮೂರೂ ಬೇರೆಬೇರೆಯಾಗಿ ಕಾಣುವಂಥದ್ದನ್ನು. ಸಂಜೆಯ ಹೊಂಬಿಸಿಲಿನಲ್ಲಿ ಕೆಂಪು ಚಾನೆಲ್ ಮೊದಲು ತುದಿ ಮುಟ್ಟುತ್ತದೆ; ಒಟ್ಟು ಹಿಸ್ಟೋಗ್ರಾಂನಲ್ಲಿ ಅದು ಗೊತ್ತೇ ಆಗುವುದಿಲ್ಲ. ಸುಟ್ಟುಹೋದ ಜಾಗವನ್ನು ಮಿನುಗಿಸಿ ತೋರಿಸುವ ಹೈಲೈಟ್ ಎಚ್ಚರಿಕೆ ಆನ್ ಮಾಡಿಡಿ. ಇಬ್ಬನಿ ಹನಿಯ ಮೇಲೆ ಮಿನುಗಿದರೆ ತೊಂದರೆಯಿಲ್ಲ, ಎಸಳಿನ ಮೇಲೆ ಮಿನುಗಿದರೆ ಮೂರನೇ ಒಂದು ಸ್ಟಾಪ್ ಇಳಿಸಿ ಇನ್ನೊಮ್ಮೆ ತೆಗೆಯಿರಿ. ಈ ಎಚ್ಚರಿಕೆ ಜೆಪೆಗ್ ಚಿತ್ರವನ್ನು ಆಧರಿಸಿದ್ದು. ಸೆನ್ಸರ್ ಕಂಡದ್ದನ್ನು ಹಾಗೆಯೇ ಇಡುವ ರಾ ಫೈಲಿನಲ್ಲಿ ತುಸು ಹೆಚ್ಚು ಉಳಿದಿರುತ್ತದೆ. ಆದರೆ ಮೂರೂ ಚಾನೆಲ್ ತುಂಬಿಹೋದ ಜಾಗದಲ್ಲಿ ಯಾವ ಸಾಫ್ಟ್‌ವೇರೂ ನರ ಹುಟ್ಟಿಸಲಾರದು.

ತೆಳುಮೋಡದ ಬೆಳಕು ಒಳ್ಳೆಯದು. ನೆತ್ತಿಯ ಬಿಸಿಲಾದರೆ ಹೂವಿನಿಂದ ಒಂದು ಗೇಣು ದೂರದಲ್ಲಿ ಬೆಳಕನ್ನು ಮೆದುವಾಗಿಸುವ ತೆಳು ಪರದೆ, ಡಿಫ್ಯೂಸರ್, ಹಿಡಿದು, ಮತ್ತೆ ಅಳೆಯಿರಿ, ಬೆಳಕು ಇಳಿದಿರುತ್ತದೆ. ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬಿದ್ದರೂ ಎಸಳು ಚಪ್ಪಟೆಯಾಗಿ ಕಾಣುತ್ತದೆ, ಹಾಗಾಗಿ ಒಂದು ಪಕ್ಕದಿಂದ ಹೆಚ್ಚು ಬರುವಂತೆ ನಿಲ್ಲುವುದು ಮೇಲು. ನೆರಳಿನಲ್ಲಿ ಬಿಳಿಗೆ ನೀಲಿ ಹತ್ತುತ್ತದೆ, ಎಲೆಗಳ ಪಕ್ಕ ಹಸಿರು ಹತ್ತುತ್ತದೆ. ಹೂವಿರುವ ಜಾಗದಲ್ಲೇ ಗ್ರೇ ಕಾರ್ಡ್ (ಬೂದು ಬಣ್ಣದ ರಟ್ಟು) ಹಿಡಿದು ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಸರಿಹೊಂದಿಕೆ, ಮಾಡಿಕೊಂಡರೆ ಮುಗಿಯಿತು.

ಫೋಕಸ್ಸಿಗೆ ಬರೋಣ. ಆಟೊಫೋಕಸ್ಸಿಗೆ ಹಿಡಿದುಕೊಳ್ಳಲು ಏನಾದರೊಂದು ಗೆರೆ ಬೇಕು. ನುಣುಪಾದ ಬಿಳಿ ಎಸಳಿನ ನಡುವೆ ಅದಿಲ್ಲ, ಲೆನ್ಸು ಹಿಂದೆಮುಂದೆ ತಡಕಾಡುತ್ತಲೇ ಇರುತ್ತದೆ. ಸಿಂಗಲ್ ಪಾಯಿಂಟ್ ಆರಿಸಿ, ಎಸಳಿನ ಅಂಚಿನ ಮೇಲೋ ಕೇಸರದ ತುದಿಯ ಮೇಲೋ ಇಡಿ. ಫೋಕಸ್ ಮಾಡಿಕೊಂಡು ಆಮೇಲೆ ಫ್ರೇಮ್ ತಿರುಗಿಸುವ ಅಭ್ಯಾಸ ಇಲ್ಲಿ ನಡೆಯದು. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಮ್ಯಾಕ್ರೊ ಲೆನ್ಸಿನಿಂದ 1:1 ಅಳತೆಯಲ್ಲಿ, ಅಂದರೆ ಸೆನ್ಸರಿನ ಮೇಲೆ ಹೂವು ತನ್ನ ನಿಜ ಗಾತ್ರದಲ್ಲೇ ಬೀಳುವಂತೆ, ತೆಗೆದರೆ ಎಫ್/8ರಲ್ಲೂ ಸ್ಪಷ್ಟವಾಗಿ ಬರುವ ಆಳ ಸುಮಾರು 1 ಮಿಲಿಮೀಟರ್, 1:2ರಲ್ಲಿ ಸುಮಾರು 3. ಕೈ ಒಂಚೂರು ಅಲುಗಿದರೂ ಅದು ತಪ್ಪುತ್ತದೆ.

ಇಷ್ಟು ಹತ್ತಿರದಲ್ಲಿ ನನ್ನ ಮತ ಮ್ಯಾನ್ಯುಯಲ್ ಫೋಕಸ್ಸಿಗೆ. ಟ್ರೈಪಾಡ್ ಹಾಕಿ, ಲೈವ್ ವ್ಯೂನಲ್ಲಿ ಚಿತ್ರವನ್ನು ಪೂರ್ತಿ ಹಿಗ್ಗಿಸಿ, ರಿಂಗ್ ನಿಧಾನಕ್ಕೆ ತಿರುಗಿಸಿ. ಫೋಕಸ್ ಆದ ಅಂಚಿಗೆ ಬಣ್ಣ ಹಚ್ಚಿ ತೋರಿಸುವ ಫೋಕಸ್ ಪೀಕಿಂಗನ್ನು ಬಿಳಿ ಹೂವಿನಲ್ಲಿ ನಂಬಬೇಡಿ. ಹಸಿರಿನೆದುರು ಬಿಳಿ ಅಂಚು ಎಷ್ಟು ಎದ್ದು ಕಾಣುತ್ತದೆಂದರೆ, ಫೋಕಸ್ ತುಸು ತಪ್ಪಿದ್ದರೂ ಅಲ್ಲಿ ಬಣ್ಣ ಹತ್ತಿಕೊಳ್ಳುತ್ತದೆ.

ಅಗಲವಾಗಿ ಅರಳಿದ ಹೂವಾದರೆ ಎಸಳಿನ ಮಟ್ಟಕ್ಕೆ ಸೆನ್ಸರ್ ಸಮಾನಾಂತರವಾಗಿರಲಿ, ಇದ್ದ ಆಳವೆಲ್ಲ ಹೂವಿಗೇ ಸಿಗುತ್ತದೆ. ಲಿಲ್ಲಿಯಂಥ ಆಳದ ಹೂವಿನಲ್ಲಿ ನಮ್ಮತ್ತ ಚಾಚಿದ ಕೇಸರಕ್ಕೆ ಫೋಕಸ್ ಮಾಡಿ, ಹಿಂದಿನದು ಮಸುಕಾಗಲಿ. ಆಳ ಸಾಲದೆಂದು ಎಫ್/22ಕ್ಕೆ ಹೋದರೆ, ಲೆನ್ಸಿನ ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವ ಡಿಫ್ರ್ಯಾಕ್ಷನ್‌ನಿಂದ ಇಡೀ ಚಿತ್ರ ಮೆದುವಾಗುತ್ತದೆ. ಮೊದಲೇ ಕಂಡೂ ಕಾಣದಂತಿರುವ ಬಿಳಿಯ ನರಗಳು ಅದರಲ್ಲಿ ಅಳಿಸಿಹೋಗುತ್ತವೆ. ಗಾಳಿಯಿಲ್ಲದ ಹೊತ್ತಿನಲ್ಲಿ ಎಫ್/5.6ರಲ್ಲಿ ಫೋಕಸ್ ಸರಿಸುತ್ತ ಹತ್ತು ಹದಿನೈದು ಚಿತ್ರ ತೆಗೆದು ಸ್ಟ್ಯಾಕ್ ಮಾಡುವುದು, ಅಂದರೆ ಸಾಫ್ಟ್‌ವೇರಿನಲ್ಲಿ ಒಂದಾಗಿ ಬೆಸೆಯುವುದು, ಲೇಸು. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎರಡೂ ಲಾಕ್ ಆಗಿರಬೇಕು. ಗಾಳಿಯಿದ್ದರೆ ಸ್ಟ್ಯಾಕಿಂಗ್ ಮಾತೇ ಬೇಡ: ದಂಟಿನ ಪಕ್ಕ ಕಡ್ಡಿ ನೆಟ್ಟು ಕ್ಲಿಪ್ ಹಾಕಿ, ಐಎಸ್‌ಒ 400 ಅಥವಾ 800ಕ್ಕೆ ಏರಿಸಿ, ಶಟರನ್ನು 1/250ಕ್ಕಿಂತ ಕೆಳಗಿಳಿಸದೆ ತೆಗೆಯಿರಿ.

ಫೋನಿನಲ್ಲಾದರೆ ಎಸಳಿನ ಅಂಚಿನ ಮೇಲೆ ಬೆರಳು ಒತ್ತಿಹಿಡಿದು ಲಾಕ್ ಮಾಡಿ, ಗೆರೆಗಳು ಕಾಣುವವರೆಗೆ ಬೆಳಕಿನ ಸ್ಲೈಡರ್ ಇಳಿಸಿ.

ಎಡಿಟಿಂಗಿನಲ್ಲಿ ಎಸಳಿನ ಅತಿ ಬಿಳಿ ಜಾಗ (ಕಪ್ಪು 0, ಪೂರ್ತಿ ಬಿಳಿ 255 ಎನ್ನುವ ಅಳತೆಯಲ್ಲಿ) 255ಕ್ಕೆ ತಾಗದೆ 240–245ರ ಸುತ್ತ ನಿಲ್ಲಲಿ. ಹೈಲೈಟ್ ಸ್ಲೈಡರನ್ನು ತೀರಾ ಎಳೆದರೆ ಎಸಳು ಮತ್ತೆ ಬೂದುಬಣ್ಣಕ್ಕೆ ತಿರುಗುತ್ತದೆ; ನರ ಕಂಡ ಕೂಡಲೇ ಕೈ ನಿಲ್ಲಿಸಿ.