ಅಂದಾಜು ಅಳಿಸಬಾರದು

ಶಾಲೆಯ ಪತ್ರಿಕೆಗೆ ಏನಾದರೂ ಬರೆದುಕೊಡಿ ಅಂತ ಕೇಳಿದಾಗ ನಾನು ಮೊದಲು ಹುಡುಕಿದ್ದು ನನ್ನ ಹಳೆಯ ಚಟುವಟಿಕೆ ಪುಸ್ತಕವನ್ನು. ಸಿಕ್ಕಿತು. ರಟ್ಟು ಕಿತ್ತುಹೋಗಿದೆ. ಆದರೆ ಪ್ರತಿ ಪುಟದ ನಡುವೆ ಸ್ಕೇಲಿಟ್ಟು ಎಳೆದ ಗೆರೆ ಹಾಗೇ ಇದೆ. ಗೆರೆಯ ಎಡಕ್ಕೆ ‘ನನ್ನ ಅಂದಾಜು’, ಬಲಕ್ಕೆ ‘ನಾನು ಕಂಡದ್ದು’.

ಮೂರರಿಂದ ಐದನೇ ತರಗತಿವರೆಗೆ ನಮಗೆ ಗಣಿತ, ವಿಜ್ಞಾನ ಎರಡನ್ನೂ ಒಬ್ಬರೇ ಟೀಚರ್ ಕಲಿಸಿದರು. ಅವರದ್ದು ಒಂದೇ ಕಟ್ಟುನಿಟ್ಟು. ಏನು ಮಾಡುವುದಿದ್ದರೂ, ಏನಾಗಬಹುದು ಅಂತ ಮೊದಲೇ ಬರೆಯಬೇಕು. ಅದು ತಪ್ಪಾದರೂ ಅಳಿಸುವ ಹಾಗಿಲ್ಲ. ಆ ಹೊತ್ತಿನಲ್ಲಿ ರಬ್ಬರ್‌ಗಳೆಲ್ಲ ಕಂಪಾಸ್ ಬಾಕ್ಸಿನೊಳಗೇ ಇರಬೇಕಿತ್ತು.

ಮೂರನೇ ತರಗತಿಯಲ್ಲಿ ನನಗೆ ಕಳೆಯುವ ಲೆಕ್ಕ ಅಂದರೆ ಭಯ. ‘ಎರಡರಲ್ಲಿ ಏಳು ಹೋಗಲ್ಲ, ಪಕ್ಕದಿಂದ ಒಂದು ಸಾಲ ತಗೋ’ ಅಂತ ಬಾಯಿಪಾಠ ಮಾಡಿದ್ದೆ. ಆದರೆ ಪಕ್ಕದಿಂದ ತಂದ ಒಂದು ಇಲ್ಲಿಗೆ ಬಂದ ತಕ್ಷಣ ಹತ್ತು ಹೇಗಾಯಿತು? ಅದು ಗೊತ್ತಿರಲಿಲ್ಲ. ಒಂದು ದಿನ ಟೀಚರ್ ನನ್ನ ಮುಂದೆ ಕಡ್ಡಿಗಳನ್ನಿಟ್ಟರು. ಹತ್ತು ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ. ‘ಇದರಲ್ಲಿ ನಂಗೆ ಹದಿನೇಳು ಕೊಡು’ ಅಂದರು. ಒಂದು ಕಟ್ಟು ಕೊಟ್ಟೆ. ಇನ್ನು ಏಳು ಕೊಡಬೇಕು, ಬಿಡಿ ಇರುವುದು ಎರಡೇ. ಕೈ ಅಲ್ಲೇ ನಿಂತಿತು. ಅವರು ಏನೂ ಹೇಳಲಿಲ್ಲ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಆಮೇಲೆ ನಾನೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಎಳೆದು ತೆಗೆದೆ. ಹತ್ತು ಕಡ್ಡಿ ಡೆಸ್ಕ್ ಮೇಲೆ ಹರಡಿಕೊಂಡವು. ಹನ್ನೆರಡು ಬಿಡಿಯಾಯಿತು, ಏಳು ಕೊಟ್ಟೆ. ಎರಡು ಕಟ್ಟು, ಐದು ಬಿಡಿ ಉಳಿಯಿತು. 42ರಲ್ಲಿ 17 ಹೋದರೆ 25. ಅವತ್ತಿನಿಂದ ನನಗೆ ‘ಸಾಲ’ ಅಂದರೆ ಕಟ್ಟು ಬಿಚ್ಚುವುದು.

ಈಗ ನಾನೂ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ತರಬೇತಿಯಲ್ಲಿ ಮರಿಯಾ ಮಾಂಟೆಸ್ಸರಿ ಬಗ್ಗೆ ಓದಿದೆ. 1907ರಲ್ಲಿ ರೋಮ್ ನಗರದಲ್ಲಿ ಮಕ್ಕಳಿಗಾಗಿ ‘ಮಕ್ಕಳ ಮನೆ’ ತೆರೆದವರು. ಅವರ ಪದ್ಧತಿಯಲ್ಲಿ ಹತ್ತು ಮಣಿ ಪೋಣಿಸಿದ ಒಂದು ಸರಳು, ಅಂಥ ಹತ್ತು ಸರಳು ಸೇರಿಸಿದರೆ ನೂರರ ಚೌಕ, ಹತ್ತು ಚೌಕ ಪೇರಿಸಿದರೆ ಸಾವಿರದ ಘನ. ಚಿತ್ರ ನೋಡಿದ ಕೂಡಲೇ ನಮ್ಮ ಕಡ್ಡಿ ಕಟ್ಟು ಕಣ್ಣಮುಂದೆ ಬಂತು.

ಐದನೇ ತರಗತಿಯ ತ್ರಿಭುಜದ ದಿನವನ್ನಂತೂ ಮರೆಯುವ ಹಾಗೇ ಇಲ್ಲ. ಎಲ್ಲರೂ ತಮಗೆ ಬೇಕಾದ ಹಾಗೆ ಕಾಗದದಲ್ಲಿ ಒಂದೊಂದು ತ್ರಿಭುಜ ಕತ್ತರಿಸಿದೆವು. ‘ಮೂರೂ ಮೂಲೆ ಹರಿದು, ತುದಿಗಳನ್ನು ಒಂದೇ ಚುಕ್ಕೆಗೆ ಸೇರಿಸಿ ಪಕ್ಕಪಕ್ಕ ಜೋಡಿಸಿದರೆ ಏನಾಗುತ್ತೆ?’ ಅಂತ ಕೇಳಿದರು. ‘ಒಬ್ಬೊಬ್ಬರದ್ದು ಒಂದೊಂದು ತರ’ ಅಂತ ನಾನು ಬರೆದೆ. ಹಾಗೆ ಬರೆದವರೇ ಜಾಸ್ತಿ. ಹರಿದು ಜೋಡಿಸಿದರೆ ನನ್ನದು ನೆಟ್ಟಗೆ ಒಂದು ಗೆರೆ. ಪಕ್ಕದವಳದ್ದೂ ಗೆರೆ. ಹಿಂದಿನ ಬೆಂಚಿನದ್ದೂ ಗೆರೆ! ಒಬ್ಬ ಹುಡುಗ ಮಾತ್ರ ಒಪ್ಪಲಿಲ್ಲ. ಸೂಜಿಯಂತೆ ಉದ್ದಕ್ಕೆ, ತೆಳ್ಳಗೆ ಇನ್ನೊಂದು ತ್ರಿಭುಜ ಕತ್ತರಿಸಿದ. ‘ಇದು ಖಂಡಿತ ಆಗಲ್ಲ ಟೀಚರ್’ ಅಂದ. ಇಡೀ ತರಗತಿ ಅವನ ಡೆಸ್ಕಿನ ಸುತ್ತ ಮುತ್ತಿಕೊಂಡಿತು. ಒಂದು ಮೂಲೆ ಎಷ್ಟು ಸಣ್ಣದಿತ್ತೆಂದರೆ ಅವನು ಉಗುರಿನ ತುದಿಯಿಂದ ಸರಿಸಿ ಕೂರಿಸಬೇಕಾಯಿತು. ಅದೂ ಗೆರೆಯೇ ಆಯಿತು. ‘ಒಳ್ಳೆ ಸವಾಲು ಹಾಕಿದೆ ನೋಡು’ ಅಂತ ಟೀಚರ್ ಅವನ ಬೆನ್ನು ತಟ್ಟಿದರು. 180 ಡಿಗ್ರಿ ಅನ್ನೋ ಮಾತು ಬೋರ್ಡಿನ ಮೇಲೆ ಬಂದದ್ದು ಮಾರನೇ ದಿನ.

ಬೀಜದ ಪುಟವೂ ಇದೆ. ಗಾಜಿನ ಲೋಟದೊಳಗೆ ಒದ್ದೆ ಕಾಗದ, ಕಾಗದಕ್ಕೂ ಗಾಜಿಗೂ ನಡುವೆ ಹುರುಳಿಕಾಯಿ ಬೀಜ. ಬೇರು ಇಳಿದ ಮೇಲೆ ಲೋಟವನ್ನು ಅಡ್ಡ ಮಲಗಿಸಿದೆವು. ಬೇರು ಮತ್ತೆ ನೆಲದ ಕಡೆಗೇ ಬಾಗಿತು. ನನ್ನ ಮೊದಲ ಬೀಜ ಕೊಳೆತಿತ್ತು, ನೀರು ತುಂಬಿಸಿಬಿಟ್ಟಿದ್ದೆ. ಅದನ್ನೂ ‘ಕಂಡದ್ದು’ ಕಡೆ ಬರೆಸಿದರು. ಬೀಜಕ್ಕೆ ಗಾಳಿಯೂ ಬೇಕು ಅಂತ ನಾನು ಕಲಿತದ್ದು ಹಾಗೆ.

ಕತ್ತರಿ, ಗೋಂದು, ಬಣ್ಣ ಕೊಟ್ಟ ಮಾತ್ರಕ್ಕೆ ಪಾಠ ಆಗಿಬಿಡುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಮಕ್ಕಳು ಖುಷಿಯಾಗಿ ಅಂಟಿಸುತ್ತಾರೆ, ಗೋಡೆಗೆ ತೂಗುಹಾಕುತ್ತೇವೆ, ಅಲ್ಲಿಗೆ ಮುಗಿಯಿತು. ನಮ್ಮ ಟೀಚರ್ ಮೊದಲು ಅಂದಾಜು ಬರೆಸುತ್ತಿದ್ದರು, ಅಲ್ವಾ? ಹಾಗಾಗಿ ಏನಾಗುತ್ತದೋ ಅಂತ ನಾವು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ನನ್ನ ತರಗತಿಯಲ್ಲೂ ಈಗ ನಡುವೆ ಗೆರೆ ಎಳೆಸುತ್ತೇನೆ.

ಪುಸ್ತಕದ ಕೊನೆಯ ಪುಟದಲ್ಲಿ ಒಂದು ಲೋಟದ ಚಿತ್ರ. ಲೋಟದ ತುಂಬ ನೀರು, ಮೇಲೆ ತೇಲುವ ಐಸ್ ತುಂಡು. ಐಸ್ ಕರಗಿದರೆ ನೀರು ಚೆಲ್ಲುತ್ತಾ? ‘ಚೆಲ್ಲುತ್ತೆ’ ಅಂತ ಎಡಕ್ಕೆ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ಅಷ್ಟರಲ್ಲಿ ನನಗೆ ಜ್ವರ ಬಂದು ಮನೆಗೆ ಕಳಿಸಿದರು. ಎರಡು ದಿನ ಬಿಟ್ಟು ಶಾಲೆಗೆ ಹೋದಾಗ ಏನಾಯಿತು ಅಂತ ಕೇಳಿದೆ. ಟೀಚರ್ ಹೇಳಲೇ ಇಲ್ಲ, ಗೆಳತಿಯರಿಗೂ ಹೇಳಬೇಡಿ ಅಂದರು. ಸಂಜೆ ಮನೆಯಲ್ಲಿ ನಾನೇ ಮಾಡಿದೆ. ಲೋಟದ ಕೆಳಗೆ ಒಣ ಕಾಗದ ಹಾಸಿ, ಗಲ್ಲಕ್ಕೆ ಕೈಕೊಟ್ಟು ಕೂತೆ. ಬಲಗಡೆ ನೀಲಿ ಇಂಕಿನಲ್ಲಿ, ಸ್ವಲ್ಪ ವಾಲಿದ ಅಕ್ಷರದಲ್ಲಿ ಬರೆದಿದೆ: ‘ಚೆಲ್ಲಲಿಲ್ಲ. ಕಾಗದ ಒಣಗೇ ಇದೆ.’